ಊರನ್ನು ದೂರುವ ಮುನ್ನ

ಎರಡು ವರ್ಷಕ್ಕೊಮ್ಮೆ ನಾವು ಹೀಗೆ ಸೇರಿದಾಗಲೆಲ್ಲ ಕೇಳಿಬರುವ ಮಾತೊಂದಿದೆ: ‘ನಮ್ಮ ಬೆಂಗಳೂರು ಈಗ ನಮ್ಮದಾಗಿ ಉಳಿದಿಲ್ಲ.’ ಕಳೆದ ಚಳಿಗಾಲದಲ್ಲಿ ಮಲ್ಲೇಶ್ವರಕ್ಕೆ ಹೋದಾಗ ನಾನೂ ಹಾಗೆಯೇ ನಿಟ್ಟುಸಿರಿಟ್ಟೆ. ಸಂಪಿಗೆ ರಸ್ತೆಯ ಹೆಸರು 2014ರಲ್ಲಿ ತೆರೆದ ಮೆಟ್ರೋ ನಿಲ್ದಾಣದ ಫಲಕವನ್ನೂ ಏರಿದೆ. ನಾನು ಬೆಳೆದ ಮನೆಯ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ.

ಆದರೆ ನಾವು ಹಂಬಲಿಸುವ ‘ಹಳೆಯ ಊರು’ ಯಾವುದು? ಮಲ್ಲೇಶ್ವರವೇ, 1898ರ ಪ್ಲೇಗು ಜನರನ್ನು ಇಕ್ಕಟ್ಟಾದ ಪೇಟೆಯಿಂದ ಹೊರಗಟ್ಟಿದಾಗ ಬೆಳೆದ ಬಡಾವಣೆ. ಅಜ್ಜಿಯ ಊರಿನಿಂದ ಮರಳಿದಾಗ ನಾವು ಇಳಿಯುತ್ತಿದ್ದ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣವಿರುವಲ್ಲಿ ಹಿಂದೆ ಸಂಪಂಗಿ ಕೆರೆಯಿತ್ತು. ನಮ್ಮ ಬಾಲ್ಯದ ಊರನ್ನು ಕಂಡು ನಮ್ಮ ಹಿರಿಯರೂ ನಿಟ್ಟುಸಿರಿಟ್ಟಿರಬೇಕು.

ಇನ್ನೊಂದು ಸತ್ಯವನ್ನು ಸಂಕೋಚದಿಂದಲೇ ಹೇಳುತ್ತೇನೆ. ನಮ್ಮ ಮನೆಯ ಕ್ರಯಪತ್ರದಲ್ಲಿ ನನ್ನ ಸಹಿಯೂ ಇದೆ. ಅಮ್ಮ ತೀರಿಕೊಂಡ ಮೇಲೆ ನೋಡಿಕೊಳ್ಳುವವರಿಲ್ಲವೆಂದು ಅಣ್ಣನೂ ನಾನೂ ಮಾರಲು ಒಪ್ಪಿದೆವು. ಹಿತ್ತಿಲ ಮಾವಿನ ಮರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಬಂದ ಹಣದಲ್ಲಿ ನನ್ನ ಪಾಲು ಅಮೆರಿಕದ ಮನೆಯ ಸಾಲಕ್ಕೆ ಸಂದಿತು.

ಕೆರೆಗಾಗಿ, ಮರಗಳಿಗಾಗಿ ಮರುಗುವುದು ತಪ್ಪಲ್ಲ. ಆದರೆ ನಾವು ಕೈಯಾರೆ ಮಾಡಿದ ಬದಲಾವಣೆಯ ಹೊಣೆಯನ್ನು ಊರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಅಲ್ಲಿ ಇನ್ನೂ ಮನೆ ಉಳಿಸಿಕೊಂಡಿರುವ ಬಂಧುಗಳೇ, ಮಾರಲೇಬೇಕಾದರೆ ಮಾರಿರಿ. ಸಹಿ ಹಾಕುವ ಮುನ್ನ ಕೊಳ್ಳುವವರೊಡನೆ ಹಿತ್ತಿಲ ಮರದ ಮಾತನ್ನಾದರೂ ಆಡಿರಿ. ನಾನು ಆಡಲಿಲ್ಲ.