ಸೂರ್ಯನಿಗೆ ಸಿಗದ ಪ್ರಶಸ್ತಿ

ಶ್ಯಾಮ್ ಬೆನೆಗಲ್ ಹುಟ್ಟಿದ ತಿರುಮಲಗಿರಿ ಹೈದರಾಬಾದಿನ ನಮ್ಮ ಕುಷಾಯಿಗೂಡಕ್ಕೆ ಹೆಚ್ಚು ದೂರವಿಲ್ಲ. ಅವರ ಮೊದಲ ಕಥಾಚಿತ್ರ ‘ಅಂಕುರ್’ ನಡೆಯುವುದು ಇದೇ ತೆಲಂಗಾಣದ ಹಳ್ಳಿಯಲ್ಲಿ. ಅದರ ಪಾತ್ರಗಳು ಆಡುವ ದಖ್ಖನಿ ಇವತ್ತಿಗೂ ಇಸಿಐಎಲ್ ಚೌರಸ್ತಾದ ಚಹಾ ಅಂಗಡಿಗಳಲ್ಲಿ ಕಿವಿಗೆ ಬೀಳುತ್ತದೆ. ಆ ಚಿತ್ರದ ಜಮೀನ್ದಾರನ ಮಗ ಸೂರ್ಯ ಮಾತ್ರ ನಮ್ಮವನು, ಅನಂತ್ ನಾಗ್. ಇಲ್ಲಿ ನೆಲೆಸಿರುವ ಕನ್ನಡಿಗನಾಗಿ ಈ ಸಿನಿಮಾದ ಮೇಲೆ ನನಗೆ ಎರಡೂ ಕಡೆಯಿಂದ ಹಕ್ಕಿದೆ ಎಂದುಕೊಂಡೇ ಈ ವಾರ ಬರೆಯುತ್ತಿದ್ದೇನೆ.

1974ರ ರಾಷ್ಟ್ರಪ್ರಶಸ್ತಿಗಳಲ್ಲಿ ‘ಅಂಕುರ್’ ಎರಡನೇ ಅತ್ಯುತ್ತಮ ಚಿತ್ರವಾಯಿತು. ಲಕ್ಷ್ಮಿಯ ಪಾತ್ರಕ್ಕೆ ಶಬಾನಾ ಆಜ್ಮಿ ಅತ್ಯುತ್ತಮ ನಟಿಯಾದರು. ಮಾತು ಬಾರದ, ಕಿವಿ ಕೇಳದ ಕುಂಬಾರ ಕಿಷ್ಟಯ್ಯನ ಪಾತ್ರಕ್ಕೆ ಸಾಧು ಮೆಹೆರ್ ಅತ್ಯುತ್ತಮ ನಟರಾದರು. ಇಬ್ಬರಿಗೂ ಸಲ್ಲಬೇಕಾದದ್ದೇ ಸಂದಿತು. ಆದರೆ ಇಡೀ ಕತೆಯನ್ನು ಹೊತ್ತವನಿಗೆ ಏನೂ ದಕ್ಕಲಿಲ್ಲ.

ಆ ಪಾತ್ರ ಎಂಥದೆಂದು ನೋಡಿ. ಓದು ಮುಂದುವರಿಸಬೇಕೆಂದಿದ್ದ ಹುಡುಗನನ್ನು ಅಪ್ಪ ಹಳ್ಳಿಯ ಜಮೀನು ನೋಡಿಕೊಳ್ಳಲು ಅಟ್ಟುತ್ತಾನೆ. ಅಪ್ಪ ಇಟ್ಟುಕೊಂಡವಳ ಹೊಲಕ್ಕೆ ಹರಿಯುವ ನೀರನ್ನು ಮಗ ಬಂದವನೇ ನಿಲ್ಲಿಸುತ್ತಾನೆ. ಜಾತಿ ಗೀತಿ ನನಗಿಲ್ಲ ಎಂಬಂತೆ ಲಕ್ಷ್ಮಿಯ ಕೈಯಿಂದ ಚಹಾ ಮಾಡಿಸಿಕೊಂಡು ಕುಡಿಯುತ್ತಾನೆ. ಆಮೇಲೆ ಅಪ್ಪ ಮಾಡಿದ್ದನ್ನೇ ತಾನೂ ಮಾಡುತ್ತಾನೆ. ಅವಳು ಬಸಿರಾದಾಗ ತೆಗೆಸಿಬಿಡು ಅನ್ನುತ್ತಾನೆ. ಕೊನೆಯಲ್ಲಿ ಕಿಷ್ಟಯ್ಯ ಕೆಲಸ ಕೇಳಲೆಂದು ಆಸೆಯಿಂದ ಓಡೋಡಿ ಬಂದರೆ, ಸೇಡು ತೀರಿಸಿಕೊಳ್ಳಲು ಬಂದನೆಂದು ಹೆದರಿ ಚಾಟಿಯಿಂದ ಬಾರಿಸುತ್ತಾನೆ. ಲಕ್ಷ್ಮಿ ಅಂಗಳದಲ್ಲಿ ನಿಂತು ಶಪಿಸುವಾಗ ಅವನು ಬಾಗಿಲ ಹಿಂದೆ ಮುದುಡಿ ನಡುಗುತ್ತಿರುತ್ತಾನೆ. ಆ ನಡುಕವನ್ನು ಇನ್ನೊಮ್ಮೆ ನೋಡಿ. ಹೊಡೆದವನ ಮುಖದಲ್ಲಿ ಅಷ್ಟು ಭಯ, ಅಷ್ಟು ನಾಚಿಕೆ ಒಟ್ಟಿಗೇ ಕಾಣಿಸುತ್ತವೆ. ಅನಂತ್ ನಾಗ್‌ಗೆ ಆಗ ಇಪ್ಪತ್ತೈದರ ಆಸುಪಾಸು. ಆ ವಯಸ್ಸಿನಲ್ಲಿ ಹೀರೊ ಆಗಬೇಕೆಂದು ಬಂದವನು ಇಷ್ಟು ಸಣ್ಣ ಮನುಷ್ಯನಾಗಿ ತೆರೆಯ ಮೇಲೆ ನಿಲ್ಲಲು ಎದೆಗಾರಿಕೆ ಬೇಕು.

ಮರುವರ್ಷದ್ದು ಇನ್ನೂ ಕಠಿಣ ಪೈಪೋಟಿ. 1975ರ ಚಿತ್ರಗಳಲ್ಲಿ ಬಿ.ವಿ. ಕಾರಂತರ ‘ಚೋಮನ ದುಡಿ’ ದೇಶದ ಅತ್ಯುತ್ತಮ ಚಿತ್ರವಾಯಿತು, ಚೋಮನಾದ ವಾಸುದೇವ ರಾವ್ ಅತ್ಯುತ್ತಮ ನಟರಾದರು. ಅದೇ ಸಾಲಿನಲ್ಲಿ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ ಅತ್ಯುತ್ತಮ ಕನ್ನಡ ಚಿತ್ರವಾಗಿ, ಬಾಲಮುರಳಿಕೃಷ್ಣ ಅವರಿಗೆ ಗಾಯನದ ಪ್ರಶಸ್ತಿ ತಂದಿತು. ಅದರಲ್ಲಿ ಭೈರವಿ ವೆಂಕಟಸುಬ್ಬಯ್ಯನಾಗಿದ್ದವರು ಅನಂತ್ ನಾಗ್. ಚೋಮನ ಎದುರು ಅವರು ಸೋತರೆ ನನಗೆ ತಕರಾರಿಲ್ಲ. ವಾಸುದೇವ ರಾವ್ ದುಡಿ ಬಾರಿಸುತ್ತಾ ಕೂತ ಆ ದೃಶ್ಯದ ಮುಂದೆ ಯಾರನ್ನು ನಿಲ್ಲಿಸಲಿ?

ನನ್ನ ತಕರಾರು ಆ ಪಟ್ಟಿಯನ್ನು ಒಟ್ಟಾಗಿ ನೋಡಿದಾಗ ಏಳುವಂಥದ್ದು. ಕನ್ನಡ ಚಿತ್ರಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದವರು ನಾಲ್ವರು: ವಾಸುದೇವ ರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ... ಅವಳು’ ಚಿತ್ರದ ಸಂಚಾರಿ ವಿಜಯ್, ‘ಕಾಂತಾರ’ದ ರಿಷಬ್ ಶೆಟ್ಟಿ. ಮೊದಲ ಮೂವರದೂ ನೊಂದವರ ಪಾತ್ರ, ಕಿಷ್ಟಯ್ಯನ ಹಾಗೆ. ನೋವು ಉಣ್ಣುವವನನ್ನು ತೀರ್ಪುಗಾರರು ಬೇಗ ಗುರುತಿಸುತ್ತಾರೆ, ನೋವು ಕೊಡುವವನನ್ನು ಅಷ್ಟೇ ಸತ್ಯವಾಗಿ ಆಡಿ ತೋರಿಸಿದವನನ್ನು ದಾಟಿ ಹೋಗುತ್ತಾರೆ. ನೋಡುಗರು ಪಾತ್ರವನ್ನು ದ್ವೇಷಿಸುತ್ತಾರೆ, ಆ ದ್ವೇಷದ ಪಾಲು ನಟನಿಗೂ ಹೋಗುತ್ತದೆ. ಡಾ. ರಾಜ್‌ಕುಮಾರ್ ಅವರದು ಬೇರೆಯೇ ಕತೆ: ಅವರಿಗೆ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು, ನಟನೆಗೆ ಒಮ್ಮೆಯೂ ಬರಲಿಲ್ಲ.

ಹಾಗಿದ್ದರೆ ಪ್ರಶಸ್ತಿಗೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು? ನಮ್ಮಂಥ ಹೊರನಾಡಿನವರಿಗೆ ಅದರ ಬೆಲೆ ಗೊತ್ತು. ನಮ್ಮ ಪಕ್ಕದ ಇಸಿಐಎಲ್ ಕಾರ್ಖಾನೆ ಒಂದು ಕಾಲಕ್ಕೆ ಇ.ಸಿ. ಟೀವಿ ತಯಾರಿಸುತ್ತಿತ್ತು. ಅಂಥ ಪೆಟ್ಟಿಗೆಗಳಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸುತ್ತಿತ್ತು, ಕೆಳಗೆ ಇಂಗ್ಲಿಷ್ ಅಕ್ಷರಗಳ ಜೊತೆ. ಹೈದರಾಬಾದಿನ ಥಿಯೇಟರಿಗೆ ಬಾರದ ಕನ್ನಡ ಸಿನಿಮಾ ಮನೆಯ ನಡುಮನೆಗೆ ಬಂದದ್ದು ಪ್ರಶಸ್ತಿಯ ದೆಸೆಯಿಂದ. ಈಗಲೂ ಅಷ್ಟೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರಲ್ಲಿ ಸ್ವರ್ಣಕಮಲ ಗೆದ್ದ ಚಿತ್ರ. ಅದನ್ನು ಪುನರುಜ್ಜೀವಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಗೆದ್ದ ಚಿತ್ರದ ನೆಗೆಟಿವ್ ಅನ್ನು ಯಾರಾದರೂ ಹುಡುಕುತ್ತಾರೆ. ಗೆಲ್ಲದೇ ಹೋದ ಒಳ್ಳೆಯ ಚಿತ್ರದ ಡಬ್ಬಿ ಎಲ್ಲಿ ತುಕ್ಕು ಹಿಡಿದಿದೆಯೋ ಯಾರು ಕೇಳಬೇಕು?

ಅದಕ್ಕೇ ಸರ್ಕಾರಗಳ ವಿಳಂಬ ನನಗೆ ಸಿಟ್ಟು ತರಿಸುತ್ತದೆ. ಕರ್ನಾಟಕ 2019ರ ಚಿತ್ರಗಳಿಗೆ ರಾಜ್ಯಪ್ರಶಸ್ತಿ ಪ್ರಕಟಿಸಿದ್ದು 2025ರ ಜನವರಿಯಲ್ಲಿ. ತೆಲಂಗಾಣ ಕ್ರಾಂತಿಗಾಯಕ ಗದ್ದರ್ ಹೆಸರಿನಲ್ಲಿ ಪ್ರಶಸ್ತಿ ಶುರುಮಾಡಿ, ಅದೇ ವರ್ಷದ ಜೂನ್‌ನಲ್ಲಿ 2014ರಿಂದೀಚೆಗಿನ ಬಾಕಿಯನ್ನೆಲ್ಲ ಒಂದೇ ಸಲ ತೀರಿಸಿತು. ಹೆಸರು ಚೆನ್ನಾಗಿದೆ, ಜಮೀನ್ದಾರಿಯ ವಿರುದ್ಧದ ‘ಮಾ ಭೂಮಿ’ಯಲ್ಲಿ ಸ್ವತಃ ಗದ್ದರ್ ಕಾಣಿಸಿಕೊಂಡಿದ್ದರು. ಆದರೆ ಸಿನಿಮಾ ಥಿಯೇಟರಿನಲ್ಲಿ ಇರುವಾಗಲೋ, ಕನಿಷ್ಠ ಮರುವರ್ಷವೋ ಪ್ರಶಸ್ತಿ ಬಂದರೆ ನಾಲ್ಕು ಜನ ಟಿಕೆಟ್ ಕೊಂಡಾರು. ಆರು ವರ್ಷದ ಮೇಲೆ ಬಂದರೆ ನಿರ್ಮಾಪಕನ ಸಾಲ ತೀರುವುದಿಲ್ಲ, ಹೊಸ ನಟನಿಗೆ ಮುಂದಿನ ಪಾತ್ರವೂ ಸಿಗುವುದಿಲ್ಲ.

ಬೆನೆಗಲ್ 2024ರ ಡಿಸೆಂಬರ್ 23ರಂದು ತೀರಿಕೊಂಡರು. ಅವರಿಗೆ 2005ರ ಸಾಲಿನ ದಾದಾಸಾಹೇಬ್ ಫಾಲ್ಕೆ ಸಂದಿತ್ತು. ಅವರು ‘ಅಂಕುರ್’ ಆದ ಮೇಲೆ ‘ನಿಶಾಂತ್’ಗೂ, ತೆಲುಗಿನ ‘ಅನುಗ್ರಹಂ’ಗೂ ಕರೆದದ್ದು ಅನಂತ್ ನಾಗ್‌ರನ್ನೇ. ಬೆನೆಗಲ್ ತೀರಿಕೊಂಡ ಮರುತಿಂಗಳೇ ಅನಂತ್ ನಾಗ್‌ಗೆ ಪದ್ಮಭೂಷಣ ಘೋಷಣೆಯಾಯಿತು, ಸಂತೋಷ. ಕನ್ನಡ ಚಿತ್ರರಂಗದ ನಟರಲ್ಲಿ ಫಾಲ್ಕೆ ಪಡೆದವರು ರಾಜ್‌ಕುಮಾರ್ ಒಬ್ಬರೇ, 1995ರ ಸಾಲಿಗೆ. ಎರಡನೆಯ ಹೆಸರು ಅನಂತ್ ನಾಗ್ ಅವರದ್ದಾಗಬೇಕು, ಅದೂ ಅವರು ವೇದಿಕೆ ಹತ್ತಿ ಸ್ವೀಕರಿಸುವಂತಿರುವಾಗ. ಕರ್ನಾಟಕ ಸರ್ಕಾರ ದೆಹಲಿಗೆ ಪತ್ರ ಬರೆಯಲಿ. ನಾವು ಹೈದರಾಬಾದಿನ ಕನ್ನಡಿಗರು ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ‘ಅಂಕುರ್’, ‘ಹಂಸಗೀತೆ’ ಎರಡನ್ನೂ ಒಂದೇ ದಿನ ತೋರಿಸೋಣ. ತೆಲುಗು ಗೆಳೆಯರನ್ನೂ ಕರೆಯೋಣ, ಅದು ಅವರ ಊರಿನ ಕತೆಯೂ ಹೌದಲ್ಲ.