‘ವೇಸ್ಟ್’ ಎಂಬ ವಿಶೇಷಣ: ಯಾರ ಪಾಲಿಗೆ ಪಾಳು?

‘ವೇಸ್ಟ್’ ಎಂಬ ಇಂಗ್ಲಿಷ್ ಪದಕ್ಕೆ ಇಂದು ಮಲೆನಾಡಿನ ಯಾವ ಊರಿನಲ್ಲಿಯೂ ಅರ್ಥ ಹೇಳಬೇಕಾಗಿಲ್ಲ. ಒಡೆದ ಕೊಡ ವೇಸ್ಟ್, ಕೆಟ್ಟ ಮೊಬೈಲ್ ವೇಸ್ಟ್, ಹೇಳಿದ ಕೆಲಸ ಮಾಡದವನೂ ವೇಸ್ಟ್. ಆದರೆ ಇದೇ ಪದ ಭೂಮಿಯ ಹಿಂದೆ ವಿಶೇಷಣವಾಗಿ ನಿಂತು ‘ವೇಸ್ಟ್ ಲ್ಯಾಂಡ್’ ಎನಿಸಿದಾಗ ಅದರ ಪರಿಣಾಮ ಒಡೆದ ಕೊಡದಷ್ಟಕ್ಕೆ ನಿಲ್ಲುವುದಿಲ್ಲ. ಈ ಒಂದು ವಿಶೇಷಣದ ಬಲದಿಂದ ಲಕ್ಷಾಂತರ ಎಕರೆ ಹುಲ್ಲುಗಾವಲು, ಕುರುಚಲು ಕಾಡು ಮತ್ತು ಜೌಗುಭೂಮಿ ಕೈ ಬದಲಾಯಿಸಿವೆ. ಒಂದು ಪದ ಇಷ್ಟು ಅಧಿಕಾರವನ್ನು ಪಡೆದದ್ದು ಹೇಗೆ ಎಂಬುದನ್ನು ಗುಡ್ಡಗಾಡಿನ ಜನರು ಅರಿತಿರುವುದು ಅಗತ್ಯ.

ಈ ಪದದ ಬೇರು ಲ್ಯಾಟಿನ್ ಭಾಷೆಯ ‘ವಾಸ್ಟಸ್’. ಬರಿದು, ನಿರ್ಜನ, ವಿಶಾಲ ಎಂಬುವು ಅದರ ಅರ್ಥಗಳು. ವಿಸ್ತಾರವನ್ನು ಸೂಚಿಸುವ ‘ವಾಸ್ಟ್’, ಧ್ವಂಸವನ್ನು ಸೂಚಿಸುವ ‘ಡೆವಸ್ಟೇಟ್’ ಎಂಬ ಇಂಗ್ಲಿಷ್ ಪದಗಳೂ ಇದೇ ಕುಲದವು. ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿದಾಗ ‘ವೇಸ್ಟ್’ ಎಂದರೆ ಜನವಸತಿಯಿಲ್ಲದ, ಉಳುಮೆಯಿಲ್ಲದ ನೆಲ ಎಂದಷ್ಟೇ ಅರ್ಥವಿತ್ತು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲ್ ಅನುವಾದದಲ್ಲಿಯೂ ಪಾಳುಬಿದ್ದ ಪಟ್ಟಣಗಳಿಗೆ, ಬರಡು ಅರಣ್ಯಕ್ಕೆ ಇದೇ ವಿಶೇಷಣ ಬಳಕೆಯಾಗಿದೆ. ಅದರಲ್ಲಿ ವಿಷಾದವಿತ್ತು, ಭಯವಿತ್ತು; ‘ನಿರುಪಯೋಗಿ’ ಎಂಬ ತೀರ್ಪು ಇರಲಿಲ್ಲ.

ಲೆಕ್ಕಪತ್ರದ ಭಾಷೆಯಲ್ಲಿ ಈ ಪದದ ನಡೆ ಬೇರೆಯಾಗಿತ್ತು. ನಾರ್ಮನ್ ದೊರೆ ವಿಲಿಯಂ 1069–70ರಲ್ಲಿ ಉತ್ತರ ಇಂಗ್ಲೆಂಡಿನ ಬಂಡಾಯವನ್ನು ಅಡಗಿಸಲು ಊರೂರುಗಳನ್ನು ಸುಡಿಸಿದನು. 1086ರಲ್ಲಿ ಅವನದೇ ಆಜ್ಞೆಯಂತೆ ಸಿದ್ಧವಾದ ‘ಡೂಮ್ಸ್‌ಡೇ’ ಕಂದಾಯ ದಫ್ತರದಲ್ಲಿ ಆ ಸೀಮೆಯ ಅನೇಕ ಹಳ್ಳಿಗಳ ಮುಂದೆ ‘ವಾಸ್ತ’ ಎಂಬ ಒಂದೇ ಮಾತಿದೆ. ಅವೆಲ್ಲವೂ ಸುಟ್ಟುಹೋದ ಊರುಗಳೇ, ಅಥವಾ ಕೇವಲ ಕಂದಾಯ ಹುಟ್ಟದ ಊರುಗಳೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಹಾಳಾದ ಊರು ಮತ್ತು ಆದಾಯ ಕೊಡದ ಊರು ಎರಡಕ್ಕೂ ಒಂದೇ ಪದ ಸಲ್ಲುವಂತಾದುದೇ ಇಲ್ಲಿ ಮುಖ್ಯವಾದ ಸಂಗತಿ.

ಆದರೂ ಮಧ್ಯಯುಗದ ಇಂಗ್ಲೆಂಡಿನ ರೈತರಿಗೆ ‘ವೇಸ್ಟ್’ ಬೇಡವಾದ ನೆಲವಾಗಿರಲಿಲ್ಲ. ಜಮೀನ್ದಾರನ ಹೆಸರಿನಲ್ಲಿದ್ದರೂ ಊರವರು ಅಲ್ಲಿ ದನ ಮೇಯಿಸುತ್ತಿದ್ದರು, ಸೌದೆ ಆಯುತ್ತಿದ್ದರು, ಒಲೆಗಾಗಿ ಜೌಗುಮಣ್ಣಿನ ಹೆಂಟೆ ಕಡಿಯುತ್ತಿದ್ದರು. ಇವು ದಾನಗಳಲ್ಲ, ಹಕ್ಕುಗಳು. ಹದಿಮೂರನೆಯ ಶತಮಾನದ ಮರ್ಟನ್ ಶಾಸನವು ಜಮೀನ್ದಾರನಿಗೆ ಇಂಥ ನೆಲಕ್ಕೆ ಬೇಲಿ ಹಾಕಲು ಅವಕಾಶ ಕೊಟ್ಟಿತಾದರೂ, ಹಕ್ಕುಳ್ಳ ಒಕ್ಕಲುಗಳಿಗೆ ಸಾಕಷ್ಟು ಮೇವಿನ ಜಾಗ ಉಳಿಸಬೇಕೆಂಬ ಷರತ್ತನ್ನೂ ವಿಧಿಸಿತ್ತು.

ಈ ಪದಕ್ಕೆ ತತ್ತ್ವಶಾಸ್ತ್ರದ ಮುದ್ರೆ ಬಿದ್ದದ್ದು ಹದಿನೇಳನೆಯ ಶತಮಾನದ ಕೊನೆಯಲ್ಲಿ. 1689ರಲ್ಲಿ ಹೊರಬಂದ ಗ್ರಂಥದಲ್ಲಿ ಜಾನ್ ಲಾಕ್, ಉಳುಮೆ, ನೆಡುವಿಕೆ, ಮೇವಿನ ಸುಧಾರಣೆ ಇಲ್ಲದೆ ಪ್ರಕೃತಿಗೆ ಬಿಟ್ಟ ನೆಲವನ್ನು ‘ವೇಸ್ಟ್’ ಎನ್ನುವುದೇ ಸರಿಯೆಂದು ವಾದಿಸಿದನು. ಶ್ರಮ ಹಾಕಿದವನಿಗೇ ಸ್ವತ್ತು ಎಂಬ ಅವನ ಸಿದ್ಧಾಂತ ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಅಮೆರಿಕದ ಮೂಲನಿವಾಸಿಗಳು ಬೇಟೆಯಾಡಿ, ಸಂಗ್ರಹಿಸಿ ಬದುಕುತ್ತಿದ್ದ ನೆಲವೂ ಈ ವ್ಯಾಖ್ಯೆಯಲ್ಲಿ ಪಾಳಾಗಿಬಿಟ್ಟಿತು. ಇಂಗ್ಲೆಂಡಿನಲ್ಲಿಯೂ 1604ರಿಂದ 1914ರವರೆಗೆ 5,200ಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಸುಮಾರು 68 ಲಕ್ಷ ಎಕರೆ ಸಾಮೂಹಿಕ ಬಳಕೆಯ ಭೂಮಿಗೆ ಬೇಲಿ ಬಿದ್ದಿತು. ಬೇಲಿಯ ಪರವಾಗಿ ಬರೆದು ಹೆಸರಾಗಿದ್ದ ಕೃಷಿತಜ್ಞ ಆರ್ಥರ್ ಯಂಗ್ ಕೂಡ 1801ರ ಹೊತ್ತಿಗೆ, ಇಂಥ ನೆಲವನ್ನು ಬಡವರ ಜೀವನಕ್ಕೆ ಬಿಟ್ಟುಕೊಡಬೇಕೆಂದು ಪುಸ್ತಿಕೆ ಬರೆದನು. ಅಷ್ಟರಲ್ಲಿ ಬಹಳ ನೆಲ ಕೈತಪ್ಪಿತ್ತು.

ಇದೇ ವಿಶೇಷಣ ಹಡಗು ಹತ್ತಿ ಭಾರತಕ್ಕೆ ಬಂದಿತು. 1838ರ ಅಸ್ಸಾಂ ‘ವೇಸ್ಟ್ ಲ್ಯಾಂಡ್’ ನಿಯಮಗಳು ಚಹಾ ತೋಟಗಾರರಿಗೆ ಬಾಗಿಲು ತೆರೆದವು. 1878ರ ಅರಣ್ಯ ಕಾಯ್ದೆ, ಅನಂತರ 1927ರ ಕಾಯ್ದೆ, ಸರ್ಕಾರಕ್ಕೆ ಸೇರಿದ ‘ಅರಣ್ಯಭೂಮಿ ಅಥವಾ ಪಾಳುಭೂಮಿ’ಯನ್ನು ಕಾಯ್ದಿಟ್ಟ ಅರಣ್ಯವೆಂದು ಘೋಷಿಸಲು ಅವಕಾಶ ಕೊಟ್ಟವು. ಒಂದೆಡೆ ಈ ಪದ ತೋಟಗಾರನಿಗೆ ದಾರಿ ಮಾಡಿತು; ಇನ್ನೊಂದೆಡೆ ಹಳ್ಳಿಗನನ್ನು ಹೊರಗಿಟ್ಟಿತು.

ಸ್ವಾತಂತ್ರ್ಯಾನಂತರವೂ ಪದ ಬದಲಾಗಲಿಲ್ಲ. 1985ರಲ್ಲಿ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ವರ್ಷಕ್ಕೆ 50 ಲಕ್ಷ ಹೆಕ್ಟೇರ್‌ನಲ್ಲಿ ಗಿಡ ಬೆಳೆಸುವುದು ಅದರ ಗುರಿ. ಭಾರತದ ಪಾಳುಭೂಮಿ ನಕಾಶೆ 2000ದಲ್ಲಿ ಸುಮಾರು 6.4 ಕೋಟಿ ಹೆಕ್ಟೇರನ್ನು, 2019ರಲ್ಲಿ ಸುಮಾರು 5.6 ಕೋಟಿ ಹೆಕ್ಟೇರನ್ನು ಪಾಳೆಂದು ತೋರಿಸಿತು. ಆ ಪಟ್ಟಿಯಲ್ಲಿ ಕುರುಚಲು ನೆಲವಿದೆ, ಜೌಗುಭೂಮಿಯಿದೆ, ಹಿಮಾಲಯದ ಹಿಮಾವೃತ ಪ್ರದೇಶವೂ ಇದೆ. ಗಂಗೆ ಹುಟ್ಟುವ ಹಿಮವೂ ಪಾಳೆಂದಾದರೆ ಈ ಪದದ ಅರ್ಥವೇನು?

ಕನ್ನಡ ನಾಡಿನ ಕಂದಾಯ ದಫ್ತರದಲ್ಲಿ ಈ ವಿಶೇಷಣಕ್ಕೊಬ್ಬ ದಾಯಾದಿಯಿದ್ದಾನೆ: ಅರಬ್ಬಿ ಮೂಲದ ‘ಖರಾಬು’. ಯಾವುದೇ ರೈತನ ಪಹಣಿಯಲ್ಲಿ ‘ಖರಾಬು ಅ’, ‘ಖರಾಬು ಬ’ ಎಂಬ ಕಲಮುಗಳಿವೆ. ಕರ್ನಾಟಕದ 1966ರ ಭೂಕಂದಾಯ ನಿಯಮಗಳಂತೆ ರೈತನ ಕಣವೂ ಖರಾಬು. ರಸ್ತೆ, ಕೆರೆ, ಹಳ್ಳ, ಸ್ಮಶಾನಗಳೂ ಖರಾಬು. ಊರು ಯಾವುದಿಲ್ಲದೆ ಬದುಕಲಾರದೋ ಅದೇ ಕಂದಾಯದ ಕಣ್ಣಿಗೆ ಕೆಟ್ಟದ್ದು! ಊರಿನ ಭಾಷೆ ಹಾಗಿಲ್ಲ. ತೋಟಕ್ಕೆ ಸೊಪ್ಪು, ದರಕು ಕೊಡುವ ಸೊಪ್ಪಿನಬೆಟ್ಟ, ಹುಲ್ಲು ಕೊಡುವ ಬೇಣ, ದನಗಳಿಗೆ ಗೋಮಾಳ, ನೀರು ಹಿಡಿದಿಡುವ ಕಾನು, ದೇವರಕಾಡು: ಪ್ರತಿಯೊಂದು ಹೆಸರೂ ಆ ನೆಲದ ಕೆಲಸವನ್ನು ಹೇಳುತ್ತದೆ. ಬೀಳುಬಿಟ್ಟ ಗದ್ದೆಯೂ ಸತ್ತ ನೆಲವಲ್ಲ. ಅದು ವಿಶ್ರಾಂತಿಯಲ್ಲಿರುವ ನೆಲ.

ಈ ಎರಡು ಭಾಷೆಗಳು ಮುಖಾಮುಖಿಯಾದದ್ದು 1980ರ ದಶಕದಲ್ಲಿ. ಜನರ ಬಳಕೆಯಲ್ಲಿದ್ದ ಸುಮಾರು 30 ಸಾವಿರ ಹೆಕ್ಟೇರ್ ನೆಲವನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ವಹಿಸುವ ಯೋಜನೆ ಸಿದ್ಧವಾಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಪಾಳೆಂದು ಬರೆದ ನೆಲಕ್ಕೆ ವಾರಸುದಾರರಿದ್ದಾರೆಂದು ಅವರು ಕೈಯಾರೆ ತೋರಿಸಿದರು. 1991ರಲ್ಲಿ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು.

ಹಾಗಾದರೆ ನಿಜವಾಗಿ ಹಾಳಾದ ನೆಲವೇ ಇಲ್ಲವೆ? ಖಂಡಿತ ಇದೆ. ಗಣಿಯ ಮಣ್ಣು ಸುರಿದ ಕಣಿವೆ, ಮೇಲ್ಮಣ್ಣು ಕೊಚ್ಚಿಹೋದ ಇಳಿಜಾರು ಕಣ್ಣೆದುರಿಗೇ ಇವೆ. ಅವುಗಳಿಗೆ ಆರೈಕೆ ಬೇಕು. ಇಲ್ಲಿಯೇ ಪದದ ಇನ್ನೊಂದು ಹಳೆಯ ಅರ್ಥ ನೆರವಿಗೆ ಬರುತ್ತದೆ. ಇಂಗ್ಲಿಷ್ ಕಾನೂನಿನಲ್ಲಿ ‘ವೇಸ್ಟ್’ ಎಂದರೆ ಅಪರಾಧವೂ ಹೌದು: ಅನ್ಯರ ಸ್ವತ್ತನ್ನು ಅನುಭವಿಸುವವನು ಅದನ್ನು ಹಾಳುಗೆಡಹುವುದು. 1267ರ ಮಾರ್ಲ್‌ಬರೋ ಶಾಸನ ಗೇಣಿದಾರನಿಗೆ ಅದನ್ನು ನಿಷೇಧಿಸಿ, ಮೀರಿದವನು ನಷ್ಟ ತುಂಬಬೇಕೆಂದಿತು. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 66ನೆಯ ಕಲಮಿನಲ್ಲಿಯೂ ಈ ಅರ್ಥ ಉಳಿದಿದೆ. ಈ ಅರ್ಥದಲ್ಲಿ ಪಾಳುತನ ನೆಲದ ಗುಣವಲ್ಲ, ಯಾರೋ ಮಾಡಿದ ಕೃತ್ಯ; ಅದಕ್ಕೆ ಕರ್ತೃವೊಬ್ಬನಿರುತ್ತಾನೆ, ಅವನಿಗೆ ಹೊಣೆಯೂ ಇರುತ್ತದೆ. ವಿಶೇಷಣವಾಗಿ ನಿಂತಾಗ ಮಾತ್ರ ಆ ಕರ್ತೃ ಮರೆಯಾಗಿ, ತಪ್ಪೆಲ್ಲ ನೆಲದ ಮೇಲೆ ಬೀಳುತ್ತದೆ.

ಆದುದರಿಂದ ಕಸದ ಘಟಕಕ್ಕೋ, ನೆಡುತೋಪಿಗೋ, ಬೇರಾವುದೋ ಯೋಜನೆಗೋ ಊರಿನ ‘ಪಾಳುಭೂಮಿ’ ಬೇಕೆಂಬ ಪ್ರಸ್ತಾಪ ಬಂದಾಗ ಗ್ರಾಮಸಭೆಯು ಮೊದಲು ಆ ವಿಶೇಷಣವನ್ನೇ ಪ್ರಶ್ನಿಸಬೇಕು. ಇದು ಯಾರ ಪಾಲಿಗೆ ಪಾಳು? ಇಲ್ಲಿ ಯಾರ ದನ ಮೇಯುತ್ತದೆ, ಯಾವ ಹಳ್ಳ ಹುಟ್ಟುತ್ತದೆ? ಹಾಳಾಗಿದ್ದರೆ ಹಾಳುಮಾಡಿದವರು ಯಾರು? ವಿದ್ಯಾರ್ಥಿಗಳು ತಮ್ಮೂರಿನ ಪಹಣಿ, ನಕಾಶೆಗಳನ್ನು ತೆಗೆದು, ಖರಾಬೆಂದು ನಮೂದಾದ ಪ್ರತಿ ಜಾಗದ ಎದುರು ಊರವರು ಕರೆಯುವ ಹೆಸರನ್ನೂ ಅದರ ಬಳಕೆಯನ್ನೂ ಬರೆದಿಡಲಿ. ಆ ಪಟ್ಟಿಯನ್ನು ಗ್ರಾಮಸಭೆಯ ನಡಾವಳಿಗೆ ಸೇರಿಸಿದರೆ, ಮುಂದೆ ಆ ನೆಲವನ್ನು ಕೇಳಿ ಬಂದವರಿಗೆ ಊರು ಕೊಡಬಹುದಾದ ಮೊದಲ ಉತ್ತರ ಅದೇ ಆಗುತ್ತದೆ.