ಗೆಲ್ಲುವ ಕುದುರೆಯ ಹುಡುಕಾಟ

ಅಮೆರಿಕದ ರಾಜ್ಯಗಳ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡು ಬರುವವರಲ್ಲ. ಜನರೇ ನೇರವಾಗಿ ಆರಿಸುವ, ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿಯ ಅಧಿಕಾರವುಳ್ಳವರು. ಬಜೆಟ್ ಮಂಡಿಸುವವರು, ಮಸೂದೆಗಳಿಗೆ ಸಹಿ ಹಾಕುವವರು ಅಥವಾ ತಡೆಯುವವರು ಅವರೇ. ಆದರೆ ಸಂಶೋಧನೆಗಾಗಿ ನಾನು ಓದುತ್ತಿರುವ ಅಲ್ಲಿನ ಚುನಾವಣಾ ವರದಿಗಳಲ್ಲಿ ಈ ಮಾತಿಗೆ ಸಿಗುವ ಜಾಗ ಕಡಿಮೆ. ಯಾರು ಮುಂದಿದ್ದಾರೆ, ಯಾರ ಬಳಿ ಹಣವಿದೆ, ಯಾರಿಗೆ ‘ಚಾನ್ಸ್’ ಇಲ್ಲ ಎಂಬುದೇ ಸುದ್ದಿ. ಇದಕ್ಕೆ ಅವರು ಬಳಸುವ ಹೆಸರು ಹ್ಯಾಂಡಿಕ್ಯಾಪಿಂಗ್. ಕುದುರೆ ರೇಸಿನಿಂದ ಬಂದ ಪದ.

ಹೋಲಿಕೆಯೇ ತಪ್ಪು ಎನ್ನುವುದು ನನ್ನ ತಕರಾರು. ತನ್ನ ಮೇಲೆ ಯಾರೂ ಬಾಜಿ ಕಟ್ಟಿಲ್ಲವೆಂದು ಕುದುರೆ ನಿಧಾನವಾಗಿ ಓಡುವುದಿಲ್ಲ. ಅಭ್ಯರ್ಥಿಯ ಕಥೆ ಬೇರೆ. ‘ಗೆಲ್ಲುವುದಿಲ್ಲ’ ಎಂಬ ಹಣೆಪಟ್ಟಿ ಬಿದ್ದೊಡನೆ ದೇಣಿಗೆ ನಿಲ್ಲುತ್ತದೆ, ಟೀವಿ ಚರ್ಚೆಗೆ ಕರೆ ಬರುವುದಿಲ್ಲ, ಮತದಾರ ‘ನನ್ನ ಓಟು ವೇಸ್ಟ್’ ಎಂದು ಮುಖ ತಿರುಗಿಸುತ್ತಾನೆ. ಆಮೇಲೆ ಪಂಡಿತರು ‘ನಾವು ಮೊದಲೇ ಹೇಳಿದ್ದೆವಲ್ಲ’ ಎನ್ನುತ್ತಾರೆ. ಭವಿಷ್ಯ ನುಡಿದವರೇ ಅದನ್ನು ನಿಜ ಮಾಡುವುದರಲ್ಲೂ ಕೈ ಹಾಕಿರುತ್ತಾರೆ.

1998ರ ಮಿನ್ನೆಸೋಟಾವನ್ನು ನೋಡಿ. ಮಾಜಿ ಕುಸ್ತಿಪಟು ಜೆಸ್ಸಿ ವೆಂಚುರಾ ರಿಫಾರ್ಮ್ ಪಕ್ಷದಿಂದ ನಿಂತಾಗ ಸಮೀಕ್ಷೆಗಳು ಅವರನ್ನು ಮೂರನೆಯ ಸ್ಥಾನದಲ್ಲಿಟ್ಟಿದ್ದವು. ಫಲಿತಾಂಶ: ವೆಂಚುರಾಗೆ ಶೇ. 37, ರಿಪಬ್ಲಿಕನ್ ನಾರ್ಮ್ ಕೋಲ್‌ಮನ್‌ಗೆ 34, ಡೆಮಾಕ್ರಟ್ ಸ್ಕಿಪ್ ಹಂಫ್ರಿಗೆ 28. ಇದನ್ನು ಪವಾಡ ಎಂದವರುಂಟು. ನನಗೆ ಕಾಣುವ ಕಾರಣಗಳು ಸರಳ. ಉಳಿದಿಬ್ಬರ ಜೊತೆ ಒಂದೇ ವೇದಿಕೆಯಲ್ಲಿ ಚರ್ಚಿಸಲು ಅವರಿಗೆ ಅವಕಾಶ ಸಿಕ್ಕಿತ್ತು. ಮತದಾನದ ದಿನವೇ ಹೆಸರು ನೋಂದಾಯಿಸಲು ಆ ರಾಜ್ಯದ ಕಾನೂನು ಬಿಡುತ್ತದೆ. ಸಮೀಕ್ಷೆಯವರ ‘ಸಂಭಾವ್ಯ ಮತದಾರ’ರ ಲೆಕ್ಕಕ್ಕೆ ಸುಲಭವಾಗಿ ಸಿಗದವರು ಅಂದು ಬಂದು ಓಟು ಹಾಕಿದರು. ವೆಂಚುರಾ ಒಳ್ಳೆಯ ಗವರ್ನರ್ ಆದರೇ ಎಂಬುದು ಬೇರೆ ಚರ್ಚೆ. ಅವರ ಮಾತು ಕೇಳಲು ಜನರಿಗೆ ಅವಕಾಶವಿತ್ತು ಎಂಬುದಷ್ಟೇ ನನ್ನ ವಾದಕ್ಕೆ ಸಾಕು.

ಎದುರುವಾದವೂ ಬಲವಾಗಿಯೇ ಇದೆ. 2010ರಲ್ಲಿ ಮೇನ್ ರಾಜ್ಯದಲ್ಲಿ ಪಾಲ್ ಲಪೇಜ್ ಸುಮಾರು ಶೇ. 38 ಮತಗಳಿಂದ ಗೆದ್ದರು. ಪಕ್ಷೇತರ ಎಲಿಯಟ್ ಕಟ್ಲರ್‌ಗೆ ಸುಮಾರು 36, ಡೆಮಾಕ್ರಟ್ ಲಿಬ್ಬಿ ಮಿಚೆಲ್‌ಗೆ ಸುಮಾರು 19. ಯಾರಿಗೆ ಗೆಲ್ಲುವ ಶಕ್ತಿಯಿದೆ ಎಂದು ಮೊದಲೇ ತಿಳಿದರೆ ಮತ ಹಂಚಿಹೋಗುವುದು ತಪ್ಪುತ್ತದಲ್ಲ ಎಂದು ಕೇಳುವವರಿದ್ದಾರೆ. ಕಾಯಿಲೆ ಅವರು ಹೇಳಿದ್ದೇ, ಮದ್ದು ಅದಲ್ಲ. ಮೇನ್‌ನ ಜನ 2016ರಲ್ಲಿ ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಆದ್ಯತೆಯಲ್ಲಿ ಗುರುತಿಸುವ ಮತಪದ್ಧತಿಗೆ ಒಪ್ಪಿಗೆ ಕೊಟ್ಟರು. ಆದರೆ ರಾಜ್ಯದ ಸಂವಿಧಾನದ ತೊಡಕಿನಿಂದ ಗವರ್ನರ್ ಹುದ್ದೆಯ ಅಂತಿಮ ಚುನಾವಣೆಗೆ ಅದು ಅನ್ವಯವಾಗಲಿಲ್ಲ. ಅಲಾಸ್ಕಾ 2022ರಲ್ಲಿ ಗವರ್ನರ್ ಚುನಾವಣೆಯನ್ನೇ ಆ ವಿಧಾನದಲ್ಲಿ ನಡೆಸಿತು. ಮತಪತ್ರವೇ ಎರಡನೆಯ ಆಯ್ಕೆಗೆ ಜಾಗ ಕೊಟ್ಟರೆ ಮತದಾರ ಪಂಡಿತರ ಊಹೆಗೆ ಕಿವಿಗೊಟ್ಟು ಕೂರಬೇಕಿಲ್ಲ.

ಸಮೀಕ್ಷೆಗಳನ್ನು ನಿಷೇಧಿಸಿ ಎನ್ನುತ್ತಿಲ್ಲ. ಗೆಲ್ಲುವವರು ಯಾರು ಎಂಬುದು ಎಣಿಕೆಯ ರಾತ್ರಿ ಹೇಗೂ ತಿಳಿಯುತ್ತದೆ. ಗೆದ್ದವರು ನಾಲ್ಕು ವರ್ಷ ಏನು ಮಾಡುತ್ತಾರೆ ಎಂಬುದನ್ನು ಕೇಳಬೇಕಾದದ್ದು ಅದಕ್ಕೆ ಮೊದಲು. ಪತ್ರಕರ್ತರ ಕೆಲಸ ಅಲ್ಲಿದೆ. ಬಾಜಿ ಕಟ್ಟುವ ಕೆಲಸಕ್ಕೆ ಬೇರೆ ಜನರಿದ್ದಾರೆ.